ಉಗ್ರಾಣದ ಕರೆಗಂಟೆ

ತಮ್ಮನಿಗೆ ಅವತ್ತು ಇದ್ದದ್ದು ಒಂದೇ ಚಿಂತೆ: ಅಕ್ಕ ಬಾಯಿ ಮುಚ್ಚಿಕೊಂಡು ಮನೆ ಕಾಗದಕ್ಕೆ ಸಹಿ ಹಾಕಿದರೆ ಸಾಕು. ಊರಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದವನು ಇದಕ್ಕೆಂದೇ ರಜೆ ಹಾಕಿ, ವಿಮಾನ ಹತ್ತಿ ಈ ದೇಶಕ್ಕೆ ಬಂದಿದ್ದ.

ಅಕ್ಕ ಇಲ್ಲಿಗೆ ಬಂದದ್ದು ಶ್ರೀಮಂತರೊಬ್ಬರ ಮನೆಯ ಅಡುಗೆಯವಳಾಗಿ. ಈಗ ಅವಳದೇ ಕೇಟರಿಂಗ್. ಒಂದು ದಿನ ಅವಳ ವ್ಯಾನು ಬರದಿದ್ದರೆ ಪೇಟೆಯ ಆಫೀಸಿನವರೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕು. ಆದರೂ ಕಾಗದದ ಮೇಲೆ ಅವಳು ಹೊರದೇಶದವಳೇ. ಹೊರದೇಶದವರು ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವುದಕ್ಕೆ ಸರ್ಕಾರದ ಅನುಮತಿ ಬೇಕು. ಅದಕ್ಕಾಗಿ ವರ್ಷಗಟ್ಟಲೆ ಚಪ್ಪಲಿ ಸವೆಸಬೇಕು, ಸಿಕ್ಕ ಅನುಮತಿಗೂ ಗಡುವಿರುತ್ತದೆ. ಅಕ್ಕನ ಗಡುವು ಅವತ್ತು ಸಂಜೆಗೆ ಮುಗಿಯುತ್ತಿತ್ತು.

ಹೊಸ ವಿಲ್ಲಾದಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಲ್ಲಿಗಳಿಗೆ ಸುತ್ತಿದ ಪ್ಲಾಸ್ಟಿಕ್ಕನ್ನೂ ಯಾರೂ ಕಿತ್ತಿರಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತ, ಗೋಡೆ ತಟ್ಟುತ್ತ, ಬಾಗಿಲು ತೆಗೆದು ಹಾಕುತ್ತ ಆಗಲೇ ಯಜಮಾನಿಕೆ ಶುರು ಮಾಡಿದ್ದಳು. ಹಿಂದೆ ಮಾರಾಟದ ಏಜೆಂಟು, ಬಾಯಿ ತುಂಬ ಹಲ್ಲು.

ಅಡುಗೆಮನೆಯ ಮೂಲೆಯ ಚಿಕ್ಕ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ಒಂದು ಮಂಚ ಹಾಕಿದರೆ ಕಾಲಿಡುವುದಕ್ಕೆ ಜಾಗ ಉಳಿಯದಂಥ ಕೋಣೆ. ಎತ್ತ ನೋಡಿದರೂ ಗೋಡೆ.

"ಇಲ್ಲಿ ಕಿಟಕಿ ಇಡಿ ಅಂತ ಮೊದಲೇ ಹೇಳಿದ್ದೆನಲ್ಲ."

"ಅದು ಉಗ್ರಾಣ ಮೇಡಂ, ಅದಕ್ಕೆ ಕಿಟಕಿ ಯಾಕೆ?" ಎಂದ ಏಜೆಂಟು. "ಅದೂ ಅಲ್ಲದೆ ಇದು ರಸ್ತೆ ಕಡೆ ಗೋಡೆ. ಸಾಲುಮನೆಗಳೆಲ್ಲ ಒಂದೇ ಥರ ಕಾಣಬೇಕು ಅಂತ ಕಂಪನಿ ನಿಯಮ."

ಅಕ್ಕ ಬಾಗಿಲ ಮೇಲಿದ್ದ ಬಿಳಿ ಡಬ್ಬಿ ತೋರಿಸಿದಳು. "ಉಗ್ರಾಣಕ್ಕೆ ಕರೆಗಂಟೆ ಯಾಕಿದೆ? ಅಕ್ಕಿ ಮೂಟೆನ ಕರೆಯೋದಕ್ಕಾ?"

ಏಜೆಂಟಿನ ಹಲ್ಲು ಒಳಗೆ ಹೋದವು. "ಕೆಲಸದವಳು ಯಾರಾದರೂ ಇದ್ದರೆ ಮಲಗ್ತಾಳೆ ಮೇಡಂ. ಎಲ್ಲ ಕಡೆ ಹೀಗೇ. ನಕ್ಷೆಯಲ್ಲಿ ಉಗ್ರಾಣ ಅಂತ ತೋರಿಸಿದರೆ ಕಿಟಕಿ ಕಡ್ಡಾಯ ಇಲ್ಲ."

ಅಕ್ಕನ ಮೊಣಕೈ ಜಗ್ಗಿ ತಮ್ಮ ಕನ್ನಡದಲ್ಲಿ ಪಿಸುಗುಟ್ಟಿದ. "ಬಿಟ್ಟುಬಿಡೆ ಅಕ್ಕಾ. ನೀನೇನು ಕೆಲಸದವಳನ್ನ ಇಟ್ಕೋತೀಯಾ? ಹಳೇ ಪಾತ್ರೆ ತುಂಬಿದರಾಯಿತು. ಇದೊಂದು ಗೂಡಿಗೋಸ್ಕರ ಮನೆ ಕಳ್ಕೋಬೇಡ."

"ನನ್ನ ನಂತರ ಬರೋರು ಇಟ್ಕೋತಾರೆ. ಇಂಥದ್ದರಲ್ಲೇ ಕಣೋ ನಾನು ಮಲಗ್ತಾ ಇದ್ದಿದ್ದು."

"ನಿನಗೆ ಬೇರೆ ರೂಮು ಕೊಟ್ಟಿದ್ರಲ್ಲ?"

"ಇದೇ ಆ ಬೇರೆ ರೂಮು."

ತಮ್ಮ ಕೋಣೆಯೊಳಗೆ ಇಣುಕಿದ. ತಾನು ಕಾಲೇಜು ಹಾಸ್ಟೆಲಿನ ಇಕ್ಕಟ್ಟಿನ ಬಗ್ಗೆ ಫೋನಿನಲ್ಲಿ ಗೊಣಗಿದಾಗಲೆಲ್ಲ, "ನನಗೆ ನೋಡು, ಒಬ್ಬಳಿಗೇ ಒಂದು ರೂಮು" ಎಂದು ಅವಳು ನಗುತ್ತಿದ್ದಳು. ಅದನ್ನು ನಂಬಿ ಅವನು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದ. ಒಳಗೊಳಗೇ ಅಕ್ಕನ ಮೇಲೆ ಹೊಟ್ಟೆಕಿಚ್ಚೂ ಪಟ್ಟಿದ್ದ. ಈಗ ಆ ಗೋಡೆಗಳನ್ನು ನೋಡುತ್ತ ನಿಂತವನಿಗೆ ನಾಚಿಕೆಯಾಯಿತು.

ಏಜೆಂಟು ಗಡಿಯಾರ ನೋಡಿಕೊಂಡ. "ಬೇಡ ಅಂದರೆ ಹೇಳಿ ಮೇಡಂ, ಕಾಯೋರು ಬೇಕಾದಷ್ಟು ಜನ ಇದ್ದಾರೆ. ಹೊರಗಿನವರಿಗೆ ಇಷ್ಟು ಸಿಕ್ಕಿದ್ದೇ ದೊಡ್ಡದು."

ಅಕ್ಕ ಸಿಟ್ಟಾಗಲಿಲ್ಲ. ರಸ್ತೆ ಕಡೆಯ ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದಳು: "ಈ ಗೋಡೆ ಮೇಲೆ ಮಾಳಿಗೆ ಭಾರ ಇದೆಯಾ?"

"ಇಲ್ಲ ಮೇಡಂ, ಬರೀ ಮರೆಗೋಡೆ."

"ಒಳಗೆ ಪೈಪು, ವೈರು?"

"ಏನೂ ಇಲ್ಲ, ಎಲ್ಲ ಆ ಕಡೆ ಗೋಡೆಯಲ್ಲಿ." ವ್ಯಾಪಾರ ಕುದುರುತ್ತಿದೆ ಎಂದುಕೊಂಡು ಅವನು ಉತ್ಸಾಹದಿಂದಲೇ ಹೇಳಿದ.

ಅಕ್ಕ ಅಡುಗೆಕಟ್ಟೆಯ ಮೇಲೆ ಕಾಗದ ಹರವಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಏಜೆಂಟು ಬೀಗದ ಕೈ ಕೊಟ್ಟು ಕೈ ಕುಲುಕಿದ.

"ಈಗ ಮನೆ ಯಾರದ್ದು?"

"ನಿಮ್ಮದೇ ಮೇಡಂ."

ಅವಳು ನೆಟ್ಟಗೆ ಅಂಗಳಕ್ಕೆ ಇಳಿದಳು. ಕಾಂಪೌಂಡು ಕಟ್ಟುತ್ತಿದ್ದ ಗಾರೆಯವನು ಊಟಕ್ಕೆ ಕೂತಿದ್ದ. ಅವನ ದೊಡ್ಡ ಸುತ್ತಿಗೆಯನ್ನು ಕೇಳಿ ಪಡೆದು ವಾಪಸು ಬಂದಳು. ಏನಾಗುತ್ತಿದೆ ಎಂದು ಏಜೆಂಟಿಗೆ ಹೊಳೆಯುವಷ್ಟರಲ್ಲಿ ಮೊದಲ ಏಟು ಬಿದ್ದಿತ್ತು.

"ಮೇಡಂ, ನೋಟಿಸು ಬರುತ್ತೆ. ದಂಡ ಹಾಕ್ತಾರೆ."

"ಬರಲಿ. ವಿಳಾಸ ಈಗ ತಾನೇ ನೀವೇ ಬರೆದುಕೊಟ್ಟಿದ್ದೀರಲ್ಲ."

ಮತ್ತೊಂದು ಏಟು, ಮಗದೊಂದು. ಗಾರೆ ಉದುರಿತೇ ಹೊರತು ಇಟ್ಟಿಗೆ ಅಲುಗಲಿಲ್ಲ. ಅಕ್ಕನಿಗೆ ಏದುಸಿರು ಬಂತು, ಆದರೆ ಸುತ್ತಿಗೆಯನ್ನು ಕೆಳಗಿಡಲಿಲ್ಲ.

ಏಜೆಂಟು ತಮ್ಮನ ಕಡೆ ತಿರುಗಿದ. "ಸಾರ್, ನೀವಾದರೂ ಬುದ್ಧಿ ಹೇಳಿ. ಓದಿದವರು ನೀವು."

"ಹೌದು," ಎಂದ ತಮ್ಮ. "ಇಂಥದ್ದೇ ಉಗ್ರಾಣದಲ್ಲಿ ಇವಳು ಮಲಗಿದ್ದಕ್ಕೆ ನಾನು ಓದಿದ್ದು."

ಅವನು ಕೋಟು ಬಿಚ್ಚಿದ. ಗೂಟ ಕಾಣಲಿಲ್ಲ, ಬಾಗಿಲ ಮೇಲಿನ ಕರೆಗಂಟೆಯ ಡಬ್ಬಿಗೇ ತಗುಲಿಹಾಕಿದ. "ಕೊಡೆ ಅಕ್ಕಾ" ಎಂದು ಸುತ್ತಿಗೆ ಇಸಕೊಂಡು, ಮೈಯ ಬಲವನ್ನೆಲ್ಲ ಹಾಕಿ ಬಾರಿಸಿದ. ಒಂದು ಇಟ್ಟಿಗೆ ಆಚೆ ಬಿತ್ತು, ಹೊರಗಿನ ಗಾಳಿ ಒಳಗೆ ಬಂತು.

ಅಕ್ಕ ಗೋಡೆಗೊರಗಿ ಸುಧಾರಿಸಿಕೊಳ್ಳುತ್ತ ಆ ತೂತನ್ನು ಅಳೆಯುವ ಹಾಗೆ ನೋಡಿದಳು.

"ಇನ್ನೂ ಕೆಳಗೆ ಹೊಡೆಯೋ. ಮಲಗಿದವಳಿಗೂ ಹೊರಗೆ ಕಾಣಬೇಕು."