ಬೀಟ್ರೂಟ್ ಎಂಬ ಕಳ್ಳ

ಬೀದಿಯವರೆಲ್ಲ ಅವನನ್ನು ಕೀ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮಕ್ಕಳಿಗೆ ಪಾಠ ಹೇಳಿದವನೇನಲ್ಲ, ಮೂಲೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡವನು. ಆದರೆ ಎದುರಿಗೆ ನಿಂತ ಗಿರಾಕಿಗೆ ಬೀಗ ಎಂದರೇನು, ನಂಬಿಕೆ ಎಂದರೇನು ಎಂದು ಒಂದಿಷ್ಟು ಕೊರೆಯದೆ ಕೀ ಕೈಗೆ ಕೊಟ್ಟವನಲ್ಲ. ಮೇಷ್ಟ್ರು ಎನ್ನದೆ ಇನ್ನೇನೆನ್ನುತ್ತಾರೆ ಪಾಪ!

ಅವನದೊಂದು ಪದ್ಧತಿಯಿತ್ತು. ಕತ್ತರಿಸಿಕೊಟ್ಟ ಪ್ರತಿ ಕೀಯನ್ನೂ ಸ್ಕೇಲಿನ ಪಕ್ಕದಲ್ಲಿಟ್ಟು ಫೋನಿನಲ್ಲಿ ಫೋಟೋ ಹೊಡೆಯುವುದು, ಭಾನುವಾರ ಬೆಳಿಗ್ಗೆ ಮನೆಯ ಕಂಪ್ಯೂಟರಿಗೆ ಹಾಕಿ ಅದಕ್ಕೊಂದು ಹೆಸರು ಕೊಡುವುದು. ಔಷಧಿ ಅಂಗಡಿ ಹಿಂಬಾಗಿಲು, ಹಲ್ಲಿನ ಡಾಕ್ಟರ ಮಹಡಿ, ಹೀಗೆ. ಯಾರಾದರೂ ಕೀ ಕಳೆದುಕೊಂಡು ಮುಖ ಸಣ್ಣಗೆ ಮಾಡಿಕೊಂಡು ಬಂದರೆ ಫೋಟೋ ನೋಡಿ ಚಕಚಕನೆ ಹೊಸದು ಮಾಡಿಕೊಡುತ್ತಿದ್ದ. ಬೀದಿ ಅವನನ್ನು ಹಾಡಿ ಹೊಗಳುತ್ತಿತ್ತು. ಆ ಫೋಟೋಗಳು ಬೇರೆ ಯಾರದೋ ಕೈಗೆ ಸಿಕ್ಕರೆ ಇಡೀ ಬೀದಿಯ ಬಾಗಿಲು ತೆರೆದಂತೆಯೇ ಎಂಬ ಯೋಚನೆ ಹೊಗಳುವವರಿಗೂ ಬಂದಿರಲಿಲ್ಲ, ಹೊಗಳಿಸಿಕೊಳ್ಳುವವನಿಗೂ ಬಂದಿರಲಿಲ್ಲ.

ಆ ಭಾನುವಾರ ಕಂಪ್ಯೂಟರ್ ಹಚ್ಚಿ, ಪರದೆಯ ಕಡೆ ನೋಡದೆಯೇ ಎಂದಿನಂತೆ ಪಾಸ್‌ವರ್ಡ್ ಕುಟ್ಟಿದ. ತಪ್ಪು ಎಂದಿತು ಅದು. ಮತ್ತೆ ಕುಟ್ಟಿದ, ಈ ಸಲ ಸ್ವಲ್ಪ ಜೋರಾಗಿ. ಕೆಲವರು ಹಾಗೆಯೇ, ಯಂತ್ರಕ್ಕೆ ಕಿವಿ ಮಂದ ಎಂದುಕೊಂಡಿರುತ್ತಾರೆ. ಮತ್ತೆ ತಪ್ಪು. ಆಗ ಕನ್ನಡಕ ಏರಿಸಿ ನೋಡಿದ. ಅವನು ಒಳಗೆ ಹೋಗಲು ಹೊರಟಿದ್ದ ಖಾತೆಯ ಹೆಸರು 'ಬೀಟ್ರೂಟ್' ಎಂದಿತ್ತು.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ ಖಾತೆ. ಒಂದು 'ಅಂಗಡಿ', ಅವನದು. ಇನ್ನೊಂದು 'ಮನೆ', ಅದಕ್ಕೆ ಪಾಸ್‌ವರ್ಡೂ ಇಲ್ಲ, ಹೇಳುವವರು ಕೇಳುವವರೂ ಇಲ್ಲ. ಅಮ್ಮ ಅದರಲ್ಲಿ ಧಾರಾವಾಹಿ ನೋಡುತ್ತಾಳೆ, ಬಂದುಹೋಗುವ ನೆಂಟರೆಲ್ಲ ತಮ್ಮ ಫೋಟೋ ತುಂಬಿಸಿ ಹೋಗುತ್ತಾರೆ. ಈ ಮೂರನೆಯದು ಎಲ್ಲಿಂದ ಬಂತು? ಹೆಸರಿನ ಮೇಲೆ ಕಣ್ಣು ಮೂಗು ಬಾಯಿ ಒಂದೂ ಇಲ್ಲದ ಬೂದು ಬಣ್ಣದ ಗುಂಡು ತಲೆಯೊಂದು ಅವನನ್ನೇ ನೋಡುತ್ತಿತ್ತು.

"ಇವಳೇ! ಬೀಟ್ರೂಟ್ ಯಾರೇ?"

ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ತರಕಾರಿ ಅಲ್ವೇನ್ರೀ?"

"ತರಕಾರಿ ಅಂತ ನಂಗೂ ಗೊತ್ತು. ಕಂಪ್ಯೂಟರ್ ಒಳಗೆ ಕೂತಿದೆಯಲ್ಲ, ಅದ್ಯಾವ ತರಕಾರಿ? ಹೊರಗಿನವರು ಯಾರಾದ್ರೂ ಮನೆಗೆ ಬಂದಿದ್ರಾ?"

"ಹೊರಗಿನವರು ಯಾರೂ ಬಂದಿಲ್ಲ" ಎಂದಳು ಅವಳು. ಅಷ್ಟರಲ್ಲಿ ಕೋಣೆಯಿಂದ ಅತ್ತೆ ಕೂಗಿದ್ದರಿಂದ "ಬಂದೆ" ಎನ್ನುತ್ತ ಹೋಗಿಬಿಟ್ಟಳು. ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದ ಮಾತೇ ಅದು.

ಮೇಷ್ಟ್ರು ಭಾವಮೈದನಿಗೆ ಫೋನು ಹಚ್ಚಿದ. ಭಾವಮೈದ ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುತ್ತಾನೆಂಬ ಒಂದೇ ಕಾರಣಕ್ಕೆ ನೆಂಟರಿಷ್ಟರ ನಡುವೆ ಕಂಪ್ಯೂಟರ್ ಪಂಡಿತ ಎನಿಸಿಕೊಂಡಿದ್ದ. ಅವನೂ ಆ ಬಿರುದನ್ನು ಬೇಡ ಎಂದವನಲ್ಲ. ಬಂದವನೇ ಕುರ್ಚಿ ಎಳೆದುಕೊಂಡು, ಡಾಕ್ಟರು ನಾಲಿಗೆ ನೋಡುವಂತೆ ಪರದೆ ನೋಡಿದ.

"ಭಾವ, ಇದು ಕೋಡ್ ನೇಮು."

"ಅಂದ್ರೆ?"

"ಕಳ್ಳರು ಸ್ವಂತ ಹೆಸರು ಹಾಕ್ತಾರಾ? ಹಿಂಗೆ ಯಾವುದಾದ್ರೂ ತರಕಾರಿ, ಪ್ರಾಣಿ, ಇಂಥದ್ದು ಹಾಕ್ಕೊಳ್ತಾರೆ. ನಿಮ್ಮ ಪಾಸ್‌ವರ್ಡ್ ಏನು ಹೇಳಿ, ಅಂಗಡಿ ಖಾತೆಯಿಂದ ಒಳಗೆ ಹೋಗಿ ಇವನ ಜಾತಕ ಜಾಲಾಡ್ತೀನಿ."

ಮೇಷ್ಟ್ರು ಕಿಟಕಿ ನೋಡಿದ, ಬಾಗಿಲು ನೋಡಿದ, ಬಗ್ಗಿ ಭಾವಮೈದನ ಕಿವಿಯಲ್ಲಿ ಹೇಳಿದ. ಭಾವಮೈದ ಅರ್ಧ ಬರೆದವನು ಕೈ ತೆಗೆದುಬಿಟ್ಟ.

"ಭಾವ! ಇದು ನಿಮ್ಮ ಫೋನ್ ನಂಬರ್ ಅಲ್ವಾ?"

"ಹೌದು. ಮರೆಯೋ ಹಾಗೇ ಇಲ್ಲ."

"ಅಂಗಡಿ ಬೋರ್ಡ್ ಮೇಲೆ ಕೆಂಪು ಬಣ್ಣದಲ್ಲಿ ಇಷ್ಟುದ್ದ ಬರೆಸಿದೀರಲ್ಲ, ಅದೇ ನಂಬರು?"

ಹಿತ್ತಾಳೆ ಬೀಗ, ಉಕ್ಕಿನ ಬೀಗ, ನಂಬರ್ ಬೀಗ ಎಂದು ಜಗತ್ತಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ತನ್ನ ಮನೆಯ ಕೀಯನ್ನು ಬೀದಿಗೆ ನೇತುಹಾಕಿ, ರಾತ್ರಿ ಕಾಣಲೆಂದು ಅದಕ್ಕೊಂದು ಬಲ್ಬನ್ನೂ ಹಾಕಿಸಿದ್ದ. ಈಗ ಅದು ತಲೆಗೆ ಹೊಳೆದು ಬೆವರು ಕಿತ್ತುಕೊಂಡು ಬಂತು. ಆ ದಾರಿಯಲ್ಲಿ ಹೋದ ಯಾರು ಬೇಕಾದರೂ ಈ ಕಂಪ್ಯೂಟರಿನೊಳಗೆ ನಡೆದುಕೊಂಡು ಬರಬಹುದಿತ್ತು.

ಪಂಡಿತ ಒಂದಷ್ಟು ಹೊತ್ತು ಅಲ್ಲಿ ಇಲ್ಲಿ ಒತ್ತಿ ಎರಡು ಸಂಗತಿ ಪತ್ತೆಮಾಡಿದ. ಬೀಟ್ರೂಟ್ ಹುಟ್ಟಿದ್ದು ಹೋದ ತಿಂಗಳು. ಕೊನೆಯ ಸಲ ಬಂದದ್ದು ನಿನ್ನೆ ಮಧ್ಯಾಹ್ನ.

"ದೂರದಿಂದ ಬಂದವನ ಥರಾ ಇಲ್ಲ ಭಾವ. ಇಲ್ಲೇ, ಈ ಕುರ್ಚಿ ಮೇಲೇ ಕೂತು ಕೆಲಸ ಮಾಡಿದಾನೆ."

ಮೇಷ್ಟ್ರು ಕುರ್ಚಿಯಿಂದ ಒಂದು ಹೆಜ್ಜೆ ದೂರ ಸರಿದ. ಸೀದಾ ಅಮ್ಮನ ಕೋಣೆಗೆ ಹೋಗಿ, ಮಧ್ಯಾಹ್ನ ಮನೆಯೊಳಗೆ ಯಾರಾದರೂ ಓಡಾಡಿದ ಸದ್ದಾಯಿತೇ ಎಂದು ಕೇಳಿದ.

"ಒಂದು ಇರುವೆ ಬಂದಿದ್ರೂ ನಂಗೆ ಗೊತ್ತಾಗ್ತಿತ್ತು ಕಣೋ. ಮಧ್ಯಾಹ್ನ ನಾನು ಕಣ್ಣೇ ಮುಚ್ಚಲ್ಲ" ಎಂದಳು ಅಮ್ಮ. ಮಧ್ಯಾಹ್ನದ ಆಕೆಯ ಗೊರಕೆ ಪಕ್ಕದ ಔಷಧಿ ಅಂಗಡಿಯವರೆಗೆ ಕೇಳಿಸುತ್ತಿತ್ತು. ಆದರೆ ಹೆತ್ತ ತಾಯಿಗೆ ಅದನ್ನು ಹೇಳುವ ಧೈರ್ಯ ಯಾವ ಮಗನಿಗಿದೆ?

ಆಮೇಲೆ ಭಾವ ಭಾವಮೈದ ಇಬ್ಬರೂ ಸೇರಿ ಬೀಟ್ರೂಟಿನ ಬೀಗ ಒಡೆಯಲು ಕೂತರು. ಜೋರಾಗಿ ಹೇಳಿಕೊಳ್ಳುತ್ತ ಮೊದಲು ಬೀಟ್ರೂಟ್ ಎಂದೇ ಬರೆದರು. ಕ್ಯಾರೆಟ್ ಎಂದು ಬರೆದರು. ಮೂಲಂಗಿ, ಆಲೂಗಡ್ಡೆ, ನೆಲದೊಳಗೆ ಬೆಳೆಯುವ ಎಲ್ಲ ಗೆಡ್ಡೆಗಳನ್ನೂ ಮುಗಿಸಿ ಸೊಪ್ಪಿಗೆ ಇಳಿದರು. ಕೊನೆಗೆ ಕಂಪ್ಯೂಟರಿಗೇ ಬೇಸರ ಬಂದು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಹೇಳಿ ಬಾಯಿ ಮುಚ್ಚಿಕೊಂಡಿತು. ಕಾಫಿ ತಂದಿಟ್ಟ ಹೆಂಡತಿ ಪರದೆ ನೋಡಿದಳು, ತುಟಿ ಕಚ್ಚಿಕೊಂಡಳು, ಒಳಗೆ ಹೋದಳು.

"ಅಳಿಸಿ ಹಾಕೋದೊಂದು ದಾರಿ ಇದೆ" ಎಂದ ಭಾವಮೈದ. "ಆದ್ರೆ ಅಳಿಸಿ ಏನು ಪ್ರಯೋಜನ? ನಿಮ್ಮ ಕೀ ಫೋಟೋ ಎಲ್ಲಾ ಅವನು ಆಗಲೇ ತಗೊಂಡಿರ್ತಾನೆ. ಇಷ್ಟು ಹೊತ್ತಿಗೆ ಒಂದೊಂದಾಗಿ ಕೀ ಮಾಡಿಸ್ತಾ ಇರ್ತಾನೆ ಭಾವ! ಈ ಬೀದೀಲಿ ಇನ್ನು ಯಾರ ಮನೆ ಬಾಗಿಲಿಗೂ ಬೆಲೆ ಇಲ್ಲ!"

ಭಾವಮೈದನ ಗಂಟಲೋ, ಬ್ಯಾನರಿನ ದೊಡ್ಡಕ್ಷರದಂಥದ್ದು. ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ಔಷಧಿ ಅಂಗಡಿಯಮ್ಮನ ಕೈ ಅಲ್ಲೇ ನಿಂತಿತು. ಆಕೆ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಹೋದಳು. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮೇಷ್ಟ್ರ ಗೇಟಿನ ಮುಂದೆ ಜನ ಸೇರಿದ್ದರು. ಹಲ್ಲಿನ ಡಾಕ್ಟರು ಕೈಯಲ್ಲಿ ಮನೆಯ ಕೀ ಹಿಡಿದುಕೊಂಡೇ ಬಂದಿದ್ದರು.

"ಮೇಷ್ಟ್ರೇ, ಬೀಟ್ರೂಟ್ ಅನ್ನೋ ಕಳ್ಳ ನಮ್ಮೆಲ್ಲರ ಕೀ ಕದ್ದಿದಾನಂತೆ, ನಿಜವಾ?"

"ಅವನ ಗ್ಯಾಂಗೇ ಇದೆಯಂತೆ!" ಎಂದಳು ಔಷಧಿ ಅಂಗಡಿಯಮ್ಮ. "ಕ್ಯಾರೆಟ್ಟು, ಮೂಲಂಗಿ, ಎಲ್ಲಾ ಹೆಸರು ನನ್ನ ಕಿವಿಯಾರ ಕೇಳಿದೀನಿ."

ಮೇಷ್ಟ್ರು ಕಿಟಕಿಯಿಂದ ಆ ಮುಖಗಳನ್ನು ನೋಡಿದ. ಅವರಲ್ಲಿ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇಷ್ಟು ವರ್ಷ ಕೀಯನ್ನು ಅವನ ಕೈಗಿಟ್ಟು ತಿರುಗಿ ನೋಡದೆ ಹೋಗುತ್ತಿದ್ದ ಜನ ಈಗ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದರು. ಭಾವಮೈದನನ್ನು ಹೊರಗೆ ಕಳಿಸಿ, ಜನರಿಗೆ ಏನಾದರೂ ಸಮಾಧಾನ ಹೇಳುತ್ತಿರು ಎಂದ. ತಾನು ಒಳಕೋಣೆಗೆ ಹೋಗಿ ಅಂಗಿ ಹಾಕಿಕೊಳ್ಳತೊಡಗಿದ. ಗುಂಡಿಯೊಂದೂ ಅದರ ತೂತಿಗೆ ಹೋಗಲೊಲ್ಲದು.

"ಏನ್ ಹೇಳ್ತೀರಿ ಅವರಿಗೆ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಇನ್ನೇನು ಹೇಳ್ಲಿ? ತಪ್ಪಾಯ್ತು ಅಂತೀನಿ. ಎಲ್ಲರ ಬೀಗಾನೂ ಬದಲಾಯಿಸಿಕೊಡ್ತೀನಿ. ಆಮೇಲೆ ಅಂಗಡಿ ಬಾಗಿಲು ಎಳೆಯೋದೇ. ಇನ್ನು ನನ್ನ ಕೈಗೆ ಕೀ ಕೊಡೋರು ಯಾರೇ? ನಾನಾದ್ರೂ ಕೊಡ್ತಿರಲಿಲ್ಲ."

ಹೆಂಡತಿ ಹತ್ತಿರ ಬಂದು ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. "ಸ್ವಲ್ಪ ಈ ಕಡೆ ಬನ್ನಿ" ಎಂದು ಕಂಪ್ಯೂಟರ್ ಮುಂದೆ ಕರೆದುಕೊಂಡು ಹೋದಳು. ಕುರ್ಚಿಯ ಮೇಲೆ ಕೂತಳು. ಬೀಟ್ರೂಟಿನ ಮೇಲೆ ಒತ್ತಿ, ಪಟಪಟನೆ ಏನೋ ಬರೆದಳು. ಅಕ್ಷರಗಳನ್ನು ನೋಡಬಾರದೆಂದು ಮೇಷ್ಟ್ರು ತನಗರಿವಿಲ್ಲದೆ ಮುಖ ತಿರುಗಿಸಿದ್ದ. ತಿರುಗಿ ನೋಡಿದಾಗ ಬೀಗ ತೆರೆದಿತ್ತು.

ಒಳಗೆ ಏನೂ ಇರಲಿಲ್ಲ. ತಿಳಿ ನೀಲಿ ಬಣ್ಣದ ಖಾಲಿ ಪರದೆ. ಫೋಟೋ ಇಲ್ಲ, ಧಾರಾವಾಹಿ ಇಲ್ಲ, ಯಾರ ಕೀಯೂ ಇಲ್ಲ.

"ನೀನಾ?" ಎಂದ.

"ನಾನೇ ರೀ. ಹೊಸ ಖಾತೆ ಮಾಡೋವಾಗ ಹೆಸರು ಕೇಳ್ತು. ಬೀಟ್ರೂಟ್ ಹೆಚ್ಚಿ ಬಂದಿದ್ದೆ, ಕೈಯೆಲ್ಲಾ ಕೆಂಪಗಿತ್ತು, ಅದನ್ನೇ ಹಾಕ್ದೆ. ದಿನಾ ನಿಮ್ಮ 'ಅಂಗಡಿ'ಗೆ ತಿರುಗಿಸಿಟ್ಟೇ ಏಳ್ತಿದ್ದೆ, ನಿನ್ನೆ ಮರೆತೆ. ನಿಮ್ಮ ಫೋಟೋ ಕಡೆ ನಾನು ತಿರುಗಿ ಕೂಡ ನೋಡಿಲ್ಲ, ಆಣೆ."

ಮೇಷ್ಟ್ರ ಎದೆಯ ಮೇಲಿನ ಬಂಡೆ ಇಳಿಯಿತು. ಬೀದಿಯ ಬಾಗಿಲುಗಳೆಲ್ಲ ಭದ್ರ! ಆ ಖುಷಿಗೆ ನಗಬೇಕೆನ್ನಿಸಿತು, ಜೊತೆಗೇ ಸಿಟ್ಟೂ ಬಂತು. ನಗು ಸಿಟ್ಟು ಎರಡೂ ಒಟ್ಟಿಗೆ ಬಂದರೆ ಮುಖ ಹೇಗಾಗುತ್ತದೋ ಹಾಗಾಯಿತು.

"ಇದ್ರಲ್ಲಿ ಏನ್ ಮಾಡ್ತೀಯೇ?"

"ಏನೂ ಮಾಡಲ್ಲ. ಅತ್ತೆಗೆ ನಿದ್ದೆ ಹತ್ತಿದ ಮೇಲೆ ಬಂದು ಸುಮ್ನೆ ಕೂತಿರ್ತೀನಿ."

"ಸುಮ್ನೆ ಕೂರೋಕೆ ಮನೆ ತುಂಬಾ ಜಾಗ ಇದೆಯಲ್ಲ!"

"ಎಲ್ಲಿ ಕೂತ್ರೂ ಯಾರಾದ್ರೂ ಬಂದು ಏನಾದ್ರೂ ಕೇಳ್ತಾರೆ. ಅತ್ತೆ ಎದ್ದುಬಂದ್ರೂ, ಕಂಪ್ಯೂಟರ್ ಮುಂದೆ ಇದ್ರೆ ಏನೋ ಕೆಲಸದಲ್ಲಿದಾಳೆ ಅಂದ್ಕೊಂಡು ಹೋಗ್ತಾರೆ. 'ಮನೆ' ಅಂತ ಇದೆಯಲ್ಲ, ಅದರೊಳಗೆ ಎಲ್ಲರ ಸಾಮಾನೂ ತುಂಬಿದೆ. ಇದು ಖಾಲಿ. ನೋಡ್ತಿದ್ರೆ ತಣ್ಣಗಿರತ್ತೆ."

"ಖಾಲಿ ಇರೋದಕ್ಕೆ ಪಾಸ್‌ವರ್ಡ್ ಯಾಕೆ ಮತ್ತೆ? ಕದಿಯೋಕೆ ಏನಿದೆ ಇದರಲ್ಲಿ?"

"ಒಳಗೆ ನಾನಿರ್ತೀನಲ್ಲ ರೀ" ಎಂದಳು ಅವಳು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

ಬೀಗದ ಬಗ್ಗೆ ಊರಿಗೆಲ್ಲ ಭಾಷಣ ಮಾಡಿದವನು ಆ ಖಾಲಿ ಪರದೆಯನ್ನು ಇನ್ನೊಮ್ಮೆ ನೋಡಿದ. ಹದಿನೆಂಟು ವರ್ಷದ ಸಂಸಾರದಲ್ಲಿ ತಾನು ಅವಳನ್ನು ಎಷ್ಟು ಸಲ ಕೂಗಿ ಕರೆದಿರಬಹುದು ಎಂದು ಯೋಚಿಸಿದ. ನಾಚಿಕೆಯಾಯಿತು, ಒಂಚೂರು ದುಃಖವೂ ಆಯಿತು.

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವೂ ಒಂದು ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂರ್ತಿದ್ರಿ."

ಅದು ನೂರಕ್ಕೆ ನೂರು ನಿಜ. ಅವನು ಕೂರುತ್ತಿದ್ದ ಮಾತ್ರವಲ್ಲ, ಪಾಸ್‌ವರ್ಡ್ ಹೇಗಿರಬೇಕೆಂದು ಪಾಠವನ್ನೂ ಹೇಳುತ್ತಿದ್ದ.

ಹೆಂಡತಿ ಎದ್ದು ನಿಂತಳು. "ಹೋಗಿ ಹೇಳಿಬಿಡಿ, ನನ್ನ ಹೆಂಡ್ತಿದೇ ಖಾತೆ ಅಂತ. ನಿಮ್ಮ ಅಂಗಡಿ ಉಳಿಯತ್ತೆ. ಇವತ್ತೇ ಇದನ್ನ ಅಳಿಸಿಬಿಡ್ತೀನಿ." ಮಾತು ಸಲೀಸಾಗಿಯೇ ಬಂತು, ಆದರೆ ಕಣ್ಣು ಮಾತ್ರ ಆ ನೀಲಿ ಪರದೆಯಿಂದ ಕದಲಲಿಲ್ಲ.

ಮೇಷ್ಟ್ರು ಹೊರಗೆ ನಡೆದ. ಗೇಟಿನ ಮುಂದೆ ಗುಸುಗುಸು ನಿಂತಿತು. ಅವನಿಗೆ ಗೊತ್ತಿತ್ತು, ಹೆಂಡತಿಯ ಹೆಸರು ಬಾಯಿಂದ ಬಿದ್ದರೆ ಸಾಕು, ಒಳಗೇನು ಬಚ್ಚಿಟ್ಟಿದ್ದಳು ಎಂದು ಔಷಧಿ ಅಂಗಡಿಯಮ್ಮ ಶುರು ಮಾಡುತ್ತಾಳೆ. ನನ್ನಿಂದ ಬಚ್ಚಿಡುವಂಥದ್ದೇನೆ ಎಂದು ಅಮ್ಮ ಮುಗಿಸುತ್ತಾಳೆ. ಹೆಂಡತಿಗೆ ಇನ್ನು ಯಾವ ಮಧ್ಯಾಹ್ನವೂ ಉಳಿಯುವುದಿಲ್ಲ.

"ಕಳ್ಳನೂ ಇಲ್ಲ, ಗ್ಯಾಂಗೂ ಇಲ್ಲ" ಎಂದ. "ಆ ಖಾತೆ ನಂದೇ. ನಾನೇ ಮಾಡಿ, ನಾನೇ ಮರೆತುಬಿಟ್ಟಿದ್ದೆ."

ಮೊದಲು ಹಲ್ಲಿನ ಡಾಕ್ಟರು ತಮ್ಮ ಅಷ್ಟೂ ಹಲ್ಲು ತೋರಿಸಿ ನಕ್ಕರು. ಅದೇ ತಡ, ಇಡೀ ಬೀದಿ ಹೊಟ್ಟೆ ಹಿಡಿದುಕೊಂಡಿತು.

"ಅಯ್ಯೋ ಮೇಷ್ಟ್ರೇ! ಊರ ಬೀಗ ತೆಗೆಯೋರು ನಿಮ್ಮ ಬೀಗದ ಮುಂದೆ ನೀವೇ ಸಿಕ್ಕಿಹಾಕ್ಕೊಂಡ್ರಾ?"

"ಒಳಗೆ ಏನಿತ್ತು ಮತ್ತೆ?" ಔಷಧಿ ಅಂಗಡಿಯಮ್ಮ ಬಿಡುವವಳಲ್ಲ.

"ಏನೂ ಇರಲಿಲ್ಲ. ಖಾಲಿ."

"ಖಾಲಿ ಮನೆಗೆ ಬೀಗ ಹಾಕಿ, ಕೀನೂ ಕಳ್ಕೊಂಡ್ರಾ!" ನಗು ಇನ್ನೊಂದು ಸುತ್ತು ಹೋಯಿತು. ಭಾವಮೈದ ಮಾತ್ರ ನಗಲಿಲ್ಲ, ಪಕ್ಕಕ್ಕೆ ಬಂದು, "ಭಾವ, ನಿನ್ನೆ ಮಧ್ಯಾಹ್ನ ನೀವು ಅಂಗಡೀಲಿ ಇದ್ರಲ್ಲ?" ಎಂದು ಪಿಸುಗುಟ್ಟಿದ. "ನೀನು ಬ್ಯಾನರ್ ನೋಡ್ಕೊಳಪ್ಪ" ಎಂದು ಅವನ ಬಾಯಿ ಮುಚ್ಚಿಸಿದ್ದಾಯಿತು.

ಅಷ್ಟರಲ್ಲಿ ಮೇಷ್ಟ್ರ ಬೆನ್ನ ಹಿಂದೆ ಬಾಗಿಲ ಸದ್ದಾಯಿತು. ಹೆಂಡತಿ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. ಅವಳು ಗಂಡನನ್ನು ಒಮ್ಮೆ ನೋಡಿದಳು, ಆಮೇಲೆ ಬೀದಿಗೆಲ್ಲ ಕೇಳಿಸುವ ಹಾಗೆ ದನಿ ಎತ್ತಿದಳು.

"ಇವರ ಮರೆವಿನ ಕಥೆ ಕೇಳ್ತೀರಾ? ಮೊನ್ನೆ ಅಂಗಡಿ ಕೀನ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡು, ಬೇರೆ ಬೀದಿ ಬೀಗದವರನ್ನ ಕರೆಸಿ ತೆಗೆಸಿದ್ರು!"

ಬೀದಿ ಉರುಳಾಡಿ ನಕ್ಕಿತು. ಅದು ಶುದ್ಧ ಸುಳ್ಳು. ಅವನ ಜನ್ಮದಲ್ಲೇ ಅಂಥದ್ದೊಂದು ನಡೆದಿರಲಿಲ್ಲ, ಅದೂ ಬೇರೆ ಬೀದಿಯವನನ್ನು ಕರೆಸುವುದೇ! ಅಷ್ಟೊಂದು ಬೇಡವಾಗಿತ್ತು ಕಣೇ ಎನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಮೇಷ್ಟ್ರು ಅದನ್ನು ನುಂಗಿಕೊಂಡು, ಹೌದು ಹೌದು ಎಂದು ಎಲ್ಲರಿಗೂ ತಲೆಯಾಡಿಸಿದ.