ಕಡೇ ಗದ್ದೆಗೆ ಮೊದಲ ನೀರು

ಬೇಗೂರಿನ ಹಳೇ ಊರೊಳಗೆ ಪಿಳ್ಳಮ್ಮನ ಮೂರಂತಸ್ತಿನ ಮನೆ. ಅದರ ತಾರಸಿಯ ಮೇಲೆ ಶೀಟು ಹೊದಿಸಿದ ಒಂಟಿ ಕೋಣೆ. ಅಲ್ಲಿ ಬಾಡಿಗೆಗಿದ್ದ ಸ್ಫೂರ್ತಿ ವಾರದ ಐದು ದಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಭಾನುವಾರ ಸಂಜೆ ನಾಲ್ಕಕ್ಕೆ ಮಾತ್ರ ಮಾಸಿದ ಸೀರೆಯುಟ್ಟು, ಹಣೆ ಬರಿದು ಮಾಡಿಕೊಂಡು, ಸತ್ತ ನೀರುಗಂಟಿಯೊಬ್ಬನ ಹೆಂಡತಿಯಾಗಿ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು.

ಅದು ಅವಳೇ ಬರೆದು, ಅವಳೇ ಆಡುತ್ತಿದ್ದ ನಾಟಕ. ನೋಡುವವರು ಏಳೇ ಜನ, ವಾರ ವಾರ ಹೊಸಬರು. ಅವರವರ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಸೇರುತ್ತಿದ್ದರು. ಆದರೆ ಸುಮ್ಮನೆ ನೋಡುವಂತಿಲ್ಲ. ಏಳು ಜನವೂ ಒಂದು ಊರಿನ ಒಕ್ಕಲುಗಳು. ಕೆರೆಯಲ್ಲಿ ಮೊಣಕಾಲುದ್ದ ನೀರು ಉಳಿದಿದೆ. ಯಾವ ಗದ್ದೆಗೆ ಯಾವ ಸರದಿಯಲ್ಲಿ ನೀರು ಬಿಡಬೇಕೆಂದು ಗೊತ್ತಿದ್ದವನು ನೀರುಗಂಟಿ ಒಬ್ಬನೇ. ಅವನು ಸತ್ತುಹೋಗಿದ್ದಾನೆ. ಪ್ರತಿಯೊಬ್ಬರ ಮೊಬೈಲಿಗೂ ಒಂದೊಂದು ಚೀಟಿ ಬಂದಿರುತ್ತದೆ: ‘ನಿನ್ನದು ಹುಣಸೆಮರದ ಗದ್ದೆ. ಒಂದು ಬದುವಿನಾಚೆ ಕಲ್ಲುಬಾವಿ ಗದ್ದೆ, ಇನ್ನೊಂದು ಬದುವಿನಾಚೆ ಬಿದಿರುಮೆಳೆ ಗದ್ದೆ’ ಎಂಬಂತೆ. ಚೀಟಿಯನ್ನು ತೋರಿಸುವಂತಿಲ್ಲ, ಬಾಯಲ್ಲಿ ಹೇಳಿ ಕೇಳಿ ಏಳು ಗದ್ದೆಗಳನ್ನು ಸಾಲಾಗಿ ಜೋಡಿಸಬೇಕು. ಮೂಲೆಯಲ್ಲಿ ತೂಗುಹಾಕಿದ ತೂತು ಮಡಕೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅದು ಬರಿದಾಗುವುದರೊಳಗೆ ಸರದಿ ಹೇಳಿದರೆ ನೀರುಗಂಟಿಯ ಹೆಂಡತಿ ಕೆರೆಯ ನೀರು ಬಿಡುವ ತೂಬು ತೆಗೆಯುತ್ತಾಳೆ. ಪರದೆಯ ಮೇಲೆ ಕಾಲುವೆಗೆ ನೀರು ನುಗ್ಗುವ ವಿಡಿಯೊ ಬರುತ್ತದೆ. ಅಲ್ಲಿಗೆ ಮುಗಿಯಿತು.

ಹನ್ನೊಂದು ವಾರ ಹೀಗೆ ನಡೆದಿತ್ತು. ಹನ್ನೆರಡನೆಯ ಭಾನುವಾರ ಮೂರೂವರೆಗೆ, ಏಳು ಜನರಲ್ಲಿ ಒಬ್ಬರು ಬರಲಾಗುವುದಿಲ್ಲವೆಂದು ಮೆಸೇಜು ಹಾಕಿದರು. ಒಂದು ಚೀಟಿ ಕಡಿಮೆಯಾದರೆ ಸಾಲು ಕೂಡುವುದಿಲ್ಲ. ಸ್ಫೂರ್ತಿ ಸೀರೆಯ ನೆರಿಗೆ ಹಿಡಿದುಕೊಂಡೇ ಕೆಳಗೋಡಿದಳು. ಪಿಳ್ಳಮ್ಮನ ಸೊಸೆ ಜ್ಯೋತಿಲಕ್ಷ್ಮಿ ಯಾರದೋ ಸೀಮಂತಕ್ಕೆ ಹೊರಟು ನಿಂತಿದ್ದಳು.

“ಅಯ್ಯೋ, ನನ್ನ ಕೈಲಾಗಲ್ಲಪ್ಪ. ಅತ್ತೆ ಖಾಲಿ ಇದಾರೆ, ಕೂರಿಸ್ಕೊಳ್ಳಿ. ಮಗಳ ಟ್ಯಾಬ್ ಕೊಡ್ತೀನಿ, ಅದರಲ್ಲಿ ಸಿಮ್ಮೂ ಇದೆ.”

ಪಿಳ್ಳಮ್ಮನಿಗೆ ಎಪ್ಪತ್ತರ ಹತ್ತಿರ. ಮೂರು ತಿಂಗಳಿಂದ ಅವರಿಗೆ ಒಂದೇ ಅನುಮಾನ. ಅದನ್ನು ಈಗ ಕೇಳಿಯೇಬಿಟ್ಟರು. “ಅಲ್ಲ ಕಣಮ್ಮ, ವಾರ ವಾರ ಅದ್ಯಾರತ್ರ ಅಂಗೆ ಜಗಳ ಆಡ್ತೀಯಾ ಮ್ಯಾಲೆ?”

“ಜಗಳ ಅಲ್ಲ ಅಜ್ಜಿ, ನಾಟಕ. ಇವತ್ತು ನೀವೂ ಸೇರ್ಕೊಳ್ಳಿ. ನಿಮ್ಮದು ಕಲ್ಲುಬಾವಿ ಗದ್ದೆ. ಕೇಳಿದ್ರೆ ಹೇಳಿ, ಅಷ್ಟೆ.”

“ನಾಟಕ ಆಡೋರ ಮುಂದೆ ನಾವೂ ಮಾತಾಡ್ಬೋದಾ?” ಎಂದು ಅಜ್ಜಿ ಕಣ್ಣರಳಿಸಿದರು.

ಸ್ಫೂರ್ತಿ ಚೀಟಿಯನ್ನು ಎರಡು ಸಲ ಓದಿ ಹೇಳಿ, ಟ್ಯಾಬನ್ನು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ಮೇಲೆ ಬಂದಳು.

ನಾಟಕ ಶುರುವಾಯಿತು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದ ಮಡಿವಾಳಪ್ಪನವರಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಮಾರತ್ತಹಳ್ಳಿಯ ಪಿಜಿಯಿಂದ ವಿನಾಯಕ್ ಎಂಬ ಹುಡುಗ. ಬೆಳ್ಳಂದೂರಿನ ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದ ರಕ್ಷಿತಾ. ಜೊತೆಗೆ ಹೊಳೆವ್ವ ಎಂಬ ನರ್ಸು, ಜಿಗಣಿಯ ಒಬ್ಬ ಮೇಷ್ಟ್ರು, ಒಂದೇ ಚೌಕದಲ್ಲಿ ಒತ್ತಿಕೊಂಡು ಕೂತ ದುಬೈಯ ಗಂಡಹೆಂಡತಿ. ಏಳನೆಯ ಚೌಕದಲ್ಲಿ ಪಿಳ್ಳಮ್ಮನ ಹಣೆ ಮತ್ತು ಅರ್ಧ ಮೂಗು.

ಮೊದಲು ಎಲ್ಲರೂ ಒಟ್ಟಿಗೇ ಮಾತಾಡಿ ಗಲಾಟೆಯಾಯಿತು. ಆಮೇಲೆ ಮಡಿವಾಳಪ್ಪನವರು ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಗದ್ದೆಗಳನ್ನು ಬರೆಯತೊಡಗಿದರು. “ನಂದ ಒಂದ ಬದುವಿನಾಚಿಗೆ ಕೆರೀ ಏರಿ ಐತ್ರಿ. ಅಂದ್ರ ನಾನ ಮೊದಲನೇದಂವ.” ವಿನಾಯಕ್, “ನಂದು ಒಂದ್ ಕಡೆ ಬಂಡೆ ಸಾರ್. ನಂದೇ ಲಾಸ್ಟು ಅನ್ಸುತ್ತೆ” ಅಂದ. ನಡುವಿನ ಐದು ಗದ್ದೆಗಳು ಒಂದೊಂದಾಗಿ ಕೂತವು. ಪಿಳ್ಳಮ್ಮ ತಮ್ಮ ಸರದಿ ಬಂದಾಗ ಗದ್ದೆಯನ್ನು ನಿಜವಾಗಿ ಕಂಡವರ ಹಾಗೆ, “ನನ್ ಗದ್ದೆ ಪಕ್ಕ ಉಣಸೇಮರ ಐತೆ ಕಣಪ್ಪ, ನೆಳ್ಳು ಬಿದ್ದು ಮೂಲೇಲಿ ಪೈರು ಎದ್ದೇಳದೇ ಇಲ್ಲ” ಎಂದರು. ಅದು ಚೀಟಿಯಲ್ಲಿರಲಿಲ್ಲ. ಸ್ಫೂರ್ತಿಗೆ ನಗು ಬಂತು, ತಡೆದುಕೊಂಡಳು.

ಅರ್ಧ ಗಂಟೆಯಲ್ಲಿ ಸಾಲು ಕೂಡಿತು. ಮಡಕೆಯಲ್ಲಿ ಇನ್ನೂ ನೀರಿತ್ತು. ಸ್ಫೂರ್ತಿ ಕ್ಯಾಮೆರಾಕ್ಕೆ ಮುಖ ತಂದು ತನ್ನ ಕಡೆಯ ಪ್ರಶ್ನೆ ಕೇಳಿದಳು. “ಗದ್ದೆ ಸಾಲು ಗೊತ್ತಾಯ್ತು. ಈಗ ಹೇಳಿ, ಮೊದಲ ನೀರು ಯಾರಿಗೆ?”

ಅದೇ ಹೊತ್ತಿಗೆ ಕರೆಂಟು ಹೋಯಿತು.

ಹೊರಗೆ ಮೇ ತಿಂಗಳ ಬಿರುಗಾಳಿ ಎದ್ದಿತ್ತು; ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದಿರಬೇಕು. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಪರದೆ ಕಪ್ಪಾಯಿತು. ಮೊಬೈಲಿನಿಂದ ಸೇರಲು ನೋಡಿದಳು. ಶೀಟಿನ ಕೆಳಗೆ ಸಿಗ್ನಲ್ ಸಿಗದೆ ಅದು ಸುಮ್ಮನೆ ಸುತ್ತುತ್ತಲೇ ಇತ್ತು. ಆನ್‌ಲೈನಿನಲ್ಲಿ ಕೂತವರನ್ನು ಹಿಡಿದಿಡಲು ಬಾಗಿಲಿಲ್ಲ, ಕುರ್ಚಿಯಿಲ್ಲ. ಒಂದು ಬೆರಳು ಒತ್ತಿದರೆ ಎದ್ದುಹೋದ ಹಾಗೆಯೇ. ಎರಡು ನಿಮಿಷ ಸುಮ್ಮನಿದ್ದರೆ ಒಬ್ಬರೂ ಉಳಿಯುವುದಿಲ್ಲ. ಆಗ ಅಜ್ಜಿಯ ಟ್ಯಾಬಿನಲ್ಲಿ ಸಿಮ್ ಇರುವುದು ನೆನಪಾಯಿತು. ಅದನ್ನೇ ಇಸಕೊಂಡು ಅಲ್ಲಿಂದಲೇ ಮುಗಿಸೋಣವೆಂದು ಮೆಟ್ಟಿಲಿಳಿದು ಓಡಿದಳು.

ಕೊನೆಯ ತಿರುವಿಗೆ ಬಂದಾಗ ಪಿಳ್ಳಮ್ಮನ ಗಟ್ಟಿ ದನಿ ಕೇಳಿಸಿತು.

“ಎಲ್ಲೋಗ್ತೀರಾ? ಕೂತ್ಕಳ್ರಪ್ಪ! ತೂಬು ತೆಗೀದೆ ಯಾರಾದ್ರೂ ಏರಿ ಮ್ಯಾಲಿಂದ ಎದ್ದೋಯ್ತಾರಾ?”

ಬಾಗಿಲು ತೆರೆದೇ ಇತ್ತು. ಪಿಳ್ಳಮ್ಮ ಬೆನ್ನು ಮಾಡಿ ಕೂತಿದ್ದರು. ಅವರ ಭುಜದಾಚೆ, ಮಬ್ಬುಗತ್ತಲ ಕೋಣೆಯಲ್ಲಿ ಟ್ಯಾಬಿನ ಪರದೆ ಹೊಳೆಯುತ್ತಿತ್ತು. ಆರೂ ಚೌಕಗಳು ಹಾಗೇ ಇದ್ದವು. ಒಬ್ಬರೂ ಹೋಗಿರಲಿಲ್ಲ.

“ಅಜ್ಜಿ, ಆಯಮ್ಮ ಎಲ್ಲಿ ಹೋದ್ರು? ನೆಟ್ ಹೋಯ್ತಾ, ಇಲ್ಲ ಇದೂ ನಾಟಕದಲ್ಲಿದೆಯಾ?” ರಕ್ಷಿತಾ ಕೇಳುತ್ತಿದ್ದಳು.

“ಎಲ್ಲೋದ್ರೇನವ್ವ, ನೀರು ಇದ್ದೇ ಐತಲ್ಲ. ಗಂಡ ಸತ್ತೋಳು, ಒಳಗೋಗಿ ಅಳ್ತಾವ್ಳೇನೋ. ನಾವು ಮುಗಿಸ್ಕಂಡು ಕರ್‍ಯಾನ.”

ಸ್ಫೂರ್ತಿ ಹೊಸ್ತಿಲಲ್ಲೇ ನಿಂತಳು. ಮೊದಲು ಅವಳಿಗೆ ಬಂದದ್ದು ಸಿಟ್ಟು. ನಾಲ್ಕು ತಿಂಗಳು ಕೂತು ಬರೆದದ್ದು ತನ್ನದು, ಆಡಬೇಕಾದವಳು ತಾನು. ಒಂದು ಹೆಜ್ಜೆ ಮುಂದಿಟ್ಟಳು ಕೂಡ. ಅಷ್ಟರಲ್ಲಿ ಮಡಿವಾಳಪ್ಪನವರು, “ಮೊದಲ ನೀರು ಯಾರಿಗಂತ ಏನ್ ಕೇಳೂದ್ರಿ? ಏರಿ ಬಾಜೂ ಇದ್ದಂವ ನಾನು. ನನ್ನಿಂದ ಶುರು ಆಗಿ ಕಡೀಗೆ ಆ ತಮ್ಮಗ” ಎಂದರು. ಹನ್ನೊಂದು ವಾರವೂ ಬಂದ ಉತ್ತರ ಅದೇ. ಸ್ಫೂರ್ತಿ ಬರೆದಿಟ್ಟ ಉತ್ತರವೂ ಅದೇ.

ಪಿಳ್ಳಮ್ಮ ತಲೆಯಾಡಿಸಿದರು. “ಅದೆಂಗಾಯ್ತದೆ ಸ್ವಾಮಿ? ಕೆರೇಲಿ ಎಷ್ಟು ನೀರೈತೆ ಅಂದ್ಲು ಆಯಮ್ಮ?”

“ಮೊಣಕಾಲುದ್ದ,” ಮೇಷ್ಟ್ರು ಹೇಳಿದರು.

“ಮೊಣಕಾಲುದ್ದ ನೀರ್‍ನಾಗೆ ಮೊದಲನೇ ಗದ್ದೆಯಿಂದ ಕಟ್ಕಂಡು ಬಂದ್ರೆ ಕಡೇ ಗದ್ದೆಗೆ ಏನ್ ಸಿಕ್ತದೆ? ಮಣ್ಣು. ತುಂಬಿದ್ ವರ್ಷ ಮ್ಯಾಲಿಂದ ಕೆಳಕ್ಕೆ. ಬರ ಬಂದ್ ವರ್ಷ ಕೆಳಗಿಂದ ಮ್ಯಾಲಕ್ಕೆ. ನಮ್ಮಪ್ಪ ಅಂಗೇ ಬಿಡ್ತಿದ್ದ. ಏರಿ ಪಕ್ಕದೋನಿಗೆ ತೇವ ಎಂಗೂ ಇರ್‍ತದೆ, ಅವನು ನಾಕು ದಿನ ತಡ್ಕತಾನೆ. ಬಂಡೆ ಪಕ್ಕದೋನು ತಡ್ಕಳಕ್ಕಾಯ್ತದಾ?”

ಸ್ಫೂರ್ತಿಗೆ ತನ್ನ ಚೀಟಿಗಳು ನೆನಪಾದವು.

ಏಳನ್ನೂ ಮನಸ್ಸಿನಲ್ಲೇ ಓದಿಕೊಂಡಳು. ಯಾವ ಗದ್ದೆಯ ಪಕ್ಕ ಯಾವ ಗದ್ದೆ ಎಂದು ಮಾತ್ರ ಅವುಗಳಲ್ಲಿತ್ತು. ಯಾವ ತುದಿಯಿಂದ ಶುರು ಎಂದು ಒಂದರಲ್ಲೂ ಇರಲಿಲ್ಲ. ಅದು ಹೇಳಬೇಕಾದ ಮಾತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮೊಣಕಾಲುದ್ದ ನೀರು ಎಂಬುದನ್ನು ಅವಳು ಕೇಳುವುದಕ್ಕೆ ಚೆನ್ನಾಗಿರುತ್ತದೆಂದು ಬರೆದಿದ್ದಳು. ಆದರೆ ಇಡೀ ಒಗಟಿನ ಬೀಗದಕೈ ಆ ಮಾತಿನಲ್ಲೇ ಇತ್ತು. ವಾರವಿಡೀ ಬೇರೆಯವರು ಬರೆದುದರಲ್ಲಿ ತಪ್ಪು ಹುಡುಕುವವಳು, ತನ್ನ ಒಗಟಿಗೆ ಇನ್ನೊಂದು ಉತ್ತರವಿದೆ, ಅದೇ ಸರಿಯಾದ ಉತ್ತರ ಎಂಬುದನ್ನು ಈಗ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು. ಮುಂದಿಟ್ಟ ಕಾಲನ್ನು ಸದ್ದಾಗದಂತೆ ಹಿಂದಕ್ಕೆ ತೆಗೆದುಕೊಂಡಳು.

ಮಡಿವಾಳಪ್ಪನವರು ಕನ್ನಡಕ ತೆಗೆದು ಕ್ಯಾಲೆಂಡರಿನ ಹಾಳೆಯನ್ನು ದಿಟ್ಟಿಸಿದರು. ಆಮೇಲೆ ಅದನ್ನು ತಲೆಕೆಳಗು ಮಾಡಿದರು.

“ಖರೇ ಐತ್ರಿ ಯವ್ವಾ,” ಅಂದರು. “ನಂದ ಕಡೀಗಿರ್ಲಿ ಬಿಡ್ರಿ. ಆ ತಮ್ಮಗ ಮೊದಲ ಹೋಗ್ಲಿ.”

ಪಿಜಿಯ ಎರಡು ಮಂಚದ ನಡುವೆ ಕೂತಿದ್ದ ವಿನಾಯಕನ ಮುಖ ಕೆಂಪಗಾಗಿತ್ತು. ತನ್ನದಲ್ಲದ, ಇಲ್ಲವೇ ಇಲ್ಲದ ಒಂದು ಗದ್ದೆಗೆ ನೀರು ಸಿಕ್ಕಿತೆಂದು ಅವನ ಕಣ್ಣು ತುಂಬಿತ್ತು.

“ಸರಿ, ತೂಬು ತೆಗೀಬೇಕಲ್ಲ,” ಪಿಳ್ಳಮ್ಮ ಎದ್ದರು. “ಎಲ್ರೂ ಒಂದೊಂದು ಲೋಟ ನೀರು ತಗಂಬನ್ನಿ.”

ಇದು ನಾಟಕದಲ್ಲಿರಲಿಲ್ಲ. ಸ್ಫೂರ್ತಿಯ ನಾಟಕದಲ್ಲಿ ಇಲ್ಲಿ ವಿಡಿಯೊ ಬರಬೇಕಿತ್ತು. ಏಳು ಚೌಕಗಳೂ ಖಾಲಿಯಾದವು. ಖಾಲಿ ಕುರ್ಚಿ, ಮಂಚ, ಕ್ಯಾಂಟೀನಿನ ಗೋಡೆ ಇಷ್ಟೇ ಉಳಿದವು. ಯಾರಾದರೂ ಇದೇ ನೆಪದಲ್ಲಿ ಹೋಗಿಬಿಡುತ್ತಾರೇನೋ ಎಂದು ಅವಳಿಗೆ ಭಯವಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಹೊಳೆವ್ವನ ಕೈಯಲ್ಲಿ ಆಸ್ಪತ್ರೆಯ ಸ್ಟೀಲ್ ಜಗ್ಗು, ರಕ್ಷಿತಾಳದು ಕಾಗದದ ಲೋಟ, ದುಬೈಯವರದು ಹೂದಾನಿ, ಮಡಿವಾಳಪ್ಪನವರದು ಪೂಜೆಯ ತಂಬಿಗೆ.

“ಕಡೇ ಗದ್ದೆಯೋನು ಮೊದ್ಲು. ಮೇಲಿಂದ ಸುರೀಬೇಕು, ಕಾಣೋ ಅಂಗೆ. ಅವನದು ಮುಗೀತಿದ್ದಂಗೆ ಪಕ್ಕದೋರು. ನಡುವೆ ನೀರು ನಿಲ್ಬಾರ್‍ದು ಮತ್ತೆ!”

ವಿನಾಯಕ್ ಬಾಟಲಿಯನ್ನು ತಲೆಯ ಮೇಲಕ್ಕೆತ್ತಿದ. ಮಂಚದ ಪಕ್ಕದಲ್ಲಿಟ್ಟ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಅದು ನಿಲ್ಲುವ ಮೊದಲೇ ಮೇಷ್ಟ್ರ ಚೌಕದಲ್ಲಿ ನೀರು ಇಳಿಯಿತು, ಅದರ ಹಿಂದೆಯೇ ರಕ್ಷಿತಾಳದು. ಆಮೇಲೆ ಬಿದಿರುಮೆಳೆ ಗದ್ದೆಯ ಹೊಳೆವ್ವ, ಹುಣಸೆಮರದ ಗದ್ದೆಯ ದುಬೈ ದಂಪತಿ. ಪಿಳ್ಳಮ್ಮ ತಮ್ಮ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ, ಊಟದ ಮೇಜಿನ ಮೇಲೆಯೇ, ತಟ್ಟೆಯನ್ನೂ ಇಡದೆ ಸುರಿದರು. ನೀರು ಮೇಜಿನಿಂದ ನೆಲಕ್ಕೆ ಹರಿದು ಹೊಸ್ತಿಲವರೆಗೆ ಬಂದು ಸ್ಫೂರ್ತಿಯ ಬರಿಗಾಲಿಗೆ ತಾಗಿತು. ಕೊನೆಗೆ ಮಡಿವಾಳಪ್ಪನವರ ತಂಬಿಗೆಯಿಂದ ಸಣ್ಣಗೆ, ಬಹಳ ಹೊತ್ತು ನೀರು ಇಳಿಯಿತು.

ಒಂದೇ ನೀರು ಮಾರತ್ತಹಳ್ಳಿಯಿಂದ ಹೊರಟು ಜಿಗಣಿ, ಬೆಳ್ಳಂದೂರು, ಸಮುದ್ರದಾಚೆಯ ದುಬೈ ದಾಟಿ ಬೇಗೂರಿಗೆ ಬಂದು ವೈಟ್‌ಫೀಲ್ಡಿನಲ್ಲಿ ನಿಂತಂತಿತ್ತು. ಸ್ಫೂರ್ತಿ ಅದನ್ನು ಕಣ್ಣಾರೆ ಕಂಡಳು. ತಾನು ಕಟ್ಟಿದ್ದು ಒಂದು ಆಟ, ಚೀಟಿ, ಮಡಕೆ, ವಿಡಿಯೊ. ಅದರೊಳಗೆ ಇಂಥದೊಂದು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಗುಡಿಯ ಬಾಗಿಲಲ್ಲಿ ನಿಂತವಳಂತೆ ಕೈ ತಾನಾಗಿ ಎದೆಯ ಹತ್ತಿರ ಹೋಗಿತ್ತು.

ಮಡಿವಾಳಪ್ಪನವರ ಹೆಂಡತಿಯ ದನಿ ದೂರದಿಂದ ಬಂತು: “ಏನ್ರೀ ಇದು, ಸೋಫಾ ತೊಯ್ಸೀರಿ!” ಎಲ್ಲರೂ ಒಟ್ಟಿಗೆ ನಕ್ಕರು. ನಕ್ಕು ಮುಗಿದ ಮೇಲೂ ಯಾರೂ ಹೊರಡಲಿಲ್ಲ.

ಆಗ ಸ್ಫೂರ್ತಿ ಒಳಗೆ ಬಂದು ಪಿಳ್ಳಮ್ಮನ ಪಕ್ಕ ಕೂತಳು. ಪರದೆಯಲ್ಲಿ ಅವಳ ಮುಖ ಕಾಣುತ್ತಲೇ ಮೇಷ್ಟ್ರು ಚಪ್ಪಾಳೆ ತಟ್ಟಿದರು. “ಮೇಡಂ, ಸಕ್ಕತ್ತಾಗಿತ್ತು! ನೀವು ಮಾಯ ಆಗೋದು, ಅಜ್ಜಿ ಬರೋದು, ಎಷ್ಟು ಚೆನ್ನಾಗಿ ಬರೆದಿದ್ದೀರಿ!”

ಹೂಂ ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. “ನಾನು ಬರೆದಿಲ್ಲ ಸಾರ್,” ಅಂದಳು ಸ್ಫೂರ್ತಿ. “ನಮ್ಮನೆ ಕರೆಂಟು ಹೋಯ್ತು. ಕಡೇ ಗದ್ದೆಯಿಂದ ನೀರು ಬಿಡಬೇಕು ಅನ್ನೋದು ನಂಗೆ ಈಗ, ನಿಮ್ಮ ಜೊತೆಗೇ ಗೊತ್ತಾಗಿದ್ದು. ಬಾಗಿಲಲ್ಲಿ ನಿಂತು ನೋಡ್ತಿದ್ದೆ.”

ವಿನಾಯಕ್, “ಹಂಗಾದ್ರೆ ಇದನ್ನ ಮಾಡಿದ್ದು ಯಾರು?” ಎಂದು ಮೆಲ್ಲಗೆ ಕೇಳಿದ.

ಎಲ್ಲರೂ ಹೋದ ಮೇಲೆ ಸ್ಫೂರ್ತಿ ನೆಲ ಒರೆಸಲು ಬಟ್ಟೆ ತಂದಳು. ಪಿಳ್ಳಮ್ಮ ಕುರ್ಚಿಯ ಮೇಲೆ ಕಾಲೆತ್ತಿಟ್ಟುಕೊಂಡು ಕೂತಿದ್ದರು.

“ಅಜ್ಜಿ, ನಿಮ್ಮಪ್ಪ ನೀರುಗಂಟಿ ಆಗಿದ್ರಾ? ಯಾವತ್ತೂ ಹೇಳೇ ಇಲ್ಲ.”

“ನೀನು ಕೇಳಿದ್ದಾದ್ರೂ ಯಾವಾಗ? ನಂಗೂ ಮರ್‍ತೋಗಿತ್ತು ಮಗ, ಇವತ್ತು ಬಾಯಿ ತೆಗೆದ್ರೆ ತಾನಾಗೇ ಬಂತು.” ಅಜ್ಜಿ ಕಿಟಕಿಯ ಕಡೆ ನೋಡಿದರು. “ನಿನ್ ನಾಟಕದಾಗೆ ತೂಬು ತೆಗೆಯದು ಸಲೀಸಾಗೈತೆ. ಅಂಗಲ್ಲ ಅದು. ಕೆರೆ ತುಂಬಿದಾಗ ತೂಬಿನ ಬಾಯಿ ನೀರೊಳಗಿರ್‍ತದೆ. ಉಸ್ರು ಕಟ್ಕಂಡು ಮುಳುಗಿ, ಕಣ್ಣು ಕಾಣಲ್ಲ, ಕೈಯಾಗೇ ತಡವಿ ಬೆಣೆ ಕೀಳ್ಬೇಕು. ಬೆಣೆ ಬಂತು ಅಂದ್ರೆ ನೀರು ಆಳನ್ನೇ ಎಳ್ಕತದೆ. ಊರೆಲ್ಲ ಏರಿ ಮ್ಯಾಲೆ ನಿಂತಿರದು. ಒಬ್ರೂ ಮಾತಾಡಾಂಗಿಲ್ಲ. ನಾನು ನಮ್ಮವ್ವನ ಸೆರಗು ಇಡ್ಕಂಡು ಎಣಿಸ್ತಿದ್ದೆ, ಒಂದು, ಎಲ್ಡು, ಮೂರು...”

ಸ್ಫೂರ್ತಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ಇಳಿಯುತ್ತಿತ್ತು. “ಎಷ್ಟರವರೆಗೆ ಅಜ್ಜಿ?”

“ನಂಗೆ ಇಪ್ಪತ್ತರಗಂಟ ಬರ್‍ತಿತ್ತು. ಆಮ್ಯಾಕೆ ತಿರ್‍ಗಾ ಒಂದ್ರಿಂದ.”

ಸ್ಫೂರ್ತಿ ಒದ್ದೆ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

“ಆಮೇಲೆ?” ಅಂದಳು.