ಮೆಂಬರ್ ಮಾಪಣ್ಣನ ಸಹಿ

ಮಾಪಣ್ಣ ತುಕಾರಾಮನ ಪಡಸಾಲೆಗೆ ಕಾಲಿಟ್ಟಾಗ ಕೆಂಪು ಬಾಳೆಹಣ್ಣಿನ ವಾಸನೆ ಅವನ ಜೊತೆಗೇ ಬಂತು. ಕಮಲಾಪುರದ ಶಾಲೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದಾಗಲೂ ಅದೇ ವಾಸನೆ. ತೋಟ ಮಾಪಣ್ಣನ ಅಪ್ಪನದು. ತುಕಾರಾಮನಿಗೆ ಸಿಗುತ್ತಿದ್ದುದು ಅವನು ಮುರಿದು ಕೊಟ್ಟ ಅರ್ಧ ಹಣ್ಣು. ತಿನ್ನುವಾಗ ರುಚಿ, ತಿಂದ ಮೇಲೆ ಹೊಟ್ಟೆಯಲ್ಲಿ ಉರಿ.

ಈಗ ತುಕಾರಾಮ ಕಲಬುರಗಿಯಲ್ಲಿ ವಕೀಲ. ಹೋದ ವರ್ಷದ ಬೋರ್ಡಿನ ಚುನಾವಣೆಗೆ ಅವನೂ ಟಿಕೀಟು ಕೇಳಿದ್ದ. ಸಿಕ್ಕಿದ್ದು ಮಾಪಣ್ಣನಿಗೆ, ಗೆದ್ದವನೂ ಅವನೇ.

"ಬರ್ರಿ ಮೆಂಬರ್ ಸಾಹೇಬ್ರ, ಬಡವರ ಮನಿ ನೆನಪಾತೇನ್ರಿ?"

"ಚ್ಯಾಷ್ಟಿ ಆಮ್ಯಾಗ ಮಾಡ್ಲೇ ತುಕ್ಯಾ. ಮೊದಲ ಇದನ್ನ ಓದು."

ಉರ್ದುವಿನ ನೋಟೀಸು. ಪೊಲೀಸ್ ಆಕ್ಷನ್ನಿನ ನಂತರ, ನಿಜಾಮನ ಪರ ಹೊಡೆದಾಡಿದ ರಜಾಕಾರರೆಂಬ ಗುಮಾನಿಯಿಂದ ಕೆಲಸ ಕಳೆದುಕೊಂಡಿದ್ದ ಕಮಲಾಪುರದ ನಬಿಸಾಬ ಮಾಸ್ತರರು ರಜಾಕಾರರಾಗಿರಲಿಲ್ಲ ಎಂದು ಮಾಪಣ್ಣ ಪತ್ರ ಕೊಟ್ಟಿದ್ದ. ಅದರಿಂದ ಅವರಿಗೆ ಮತ್ತೆ ಶಾಲೆ ಸಿಕ್ಕಿತ್ತು. ಲಂಚ ತಿಂದು ಸುಳ್ಳು ಬರೆದಿದ್ದಾನೆ, ಇವನ ಸದಸ್ಯತ್ವ ರದ್ದಾಗಬೇಕು ಎಂದು ಯಾರೋ ದೂರು ಕೊಟ್ಟಿದ್ದರು. ನಾಳೆಯೇ ಕಲೆಕ್ಟರ್ ಕಚೇರಿಯಲ್ಲಿ ವಿಚಾರಣೆ.

ತುಕಾರಾಮನ ಹೆಂಡತಿ ಭೀಮಬಾಯಿ ಚಹಾ ತಂದಳು. ಮಾಪಣ್ಣನ ಬಶಿಯಲ್ಲಿ ಎರಡು ಬಿಸ್ಕೀಟು; ಗಂಡನದರಲ್ಲಿ ಒಂದೂ ಇಲ್ಲ. ತುಕಾರಾಮ ಅದನ್ನೂ ಗಮನಿಸಿದ.

"ಪತ್ರ ಉರ್ದುದಾಗ ಅದ. ನಿನಗ ಉರ್ದು ಓದಾಕ ಬರಂಗಿಲ್ಲ. ಮೋಸ ಮಾಡಿ ಸಹಿ ಹಾಕಿಸ್ಕೊಂಡಾರ ಅಂತ ಹೇಳು. ನೀ ಪಾರು."

"ಮಾಸ್ತರು?"

"ಅವರ ನೌಕರಿ ಹೋಗ್ತದ. ನಿನ್ನ ಕುರ್ಚಿ ಉಳೀತದ."

ಮಾಪಣ್ಣ ಬಶಿ ಕೆಳಗಿಟ್ಟ. "ಒಂದೊಂದು ಮಾತೂ ನಾನೇ ಹೇಳಿ ಬರೆಸೀನಿ. ಅವರು ರಜಾಕಾರ ಅಲ್ಲ ಅಂತ ನನಗ ಗೊತ್ತದ. ನಿನಗೂ ಗೊತ್ತದ."

ಗೊತ್ತಿತ್ತು. ನಬಿಸಾಬರು ಆ ಪತ್ರಕ್ಕಾಗಿ ಮೊದಲು ಬಂದದ್ದು ಇದೇ ಬಾಗಿಲಿಗೆ. ಜನ ಏನೆಂದಾರೋ ಎಂಬ ಅಂಜಿಕೆಗೆ, "ಇವತ್ತ ಕೋರ್ಟಿನಾಗ ಪೇಶಿ ಅದ, ನಾಳಿ ಬರ್ರಿ" ಎಂದು ತುಕಾರಾಮ ಸಾಗಹಾಕಿದ್ದ.

"ಮಾಸ್ತರೂ ನನ್ನ ಸಂಗಾಟ ಬಂದಾರ," ಎಂದ ಮಾಪಣ್ಣ. "ಮುಂಜಾನಿ ಬಸ್ಸಿಗೆ. ಹೊರಗ ಕಟ್ಟಿ ಮ್ಯಾಲ ಕುಂತಾರ. ಒಳಗ ಕರದ್ರ ಒಲ್ಲೆ ಅಂತಾರ."

ತುಕಾರಾಮನ ಎದೆಯಲ್ಲಿ ಹಳೆಯ ಉರಿ ಭಗ್ಗೆಂದಿತು. ಕುರ್ಚಿ ಹೋದರೂ ಊರಲ್ಲಿ ಇವನು ತಲೆಯೆತ್ತಿ ನಡೆಯುತ್ತಾನೆ. ಕುರ್ಚಿಯನ್ನು ಇವನೇ ಇಟ್ಟುಕೊಳ್ಳಲಿ; ಆ ನಡಿಗೆಯೂ ಇವನೊಬ್ಬನಿಗೇ ಸಿಗಬೇಕೇನು?

ಅವನು ಶಾಯಿಯ ದೌತಿಯನ್ನು, ಕಾಗದವನ್ನು ಹತ್ತಿರ ಎಳೆದುಕೊಂಡ.

"ಬ್ಯಾರೆ ವಕೀಲನ್ನ ನೋಡ್ಕೊ ಮಾಪಣ್ಣ."

"ಯಾಕಲೇ?"

"ನಾ ಸಾಕ್ಷಿ ಹೇಳ್ತೀನಿ. ಮಾಸ್ತರು ಮೊದಲ ನನ್ನ ಹತ್ರ ಬಂದಿದ್ರು, ಅವರು ಎಂಥವರಂತ ಗೊತ್ತಿದ್ದೂ ನಾ ಅಂಜಿ ಬರಕೊಡಲಿಲ್ಲ ಅಂತ ಹೇಳ್ತೀನಿ."

"ನಿನ್ನ ವಕೀಲಿಗೆ ಪೆಟ್ಟು ಬೀಳ್ತದಲ್ಲೋ."

"ಬೀಳಲಿ. ಎಲ್ಲಾದರಾಗೂ ನೀನೇ ಮುಂದ ಹೋಗ್ಬೇಕೇನು, ಮಗನ?"

ಮಾಪಣ್ಣ ನಕ್ಕ. ತುಕಾರಾಮ ನಗಲಿಲ್ಲ. ಆ ಸಾಕ್ಷಿಯನ್ನು ಬರೆದು ಸಹಿ ಹಾಕಿ, ಅಡುಗೆಮನೆಗೆ ಹೋದ. ಭೀಮಬಾಯಿ ಅವನಿಗೆಂದು ತಾಟು ಬಡಿಸಿದ್ದಳು: ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ತಾಟು ಎತ್ತಿಕೊಂಡ. ಅವಳು ಇನ್ನೊಂದು ರೊಟ್ಟಿ ಮೇಲಿಟ್ಟಳು.

ಕಟ್ಟೆಯ ಮೇಲೆ ನಬಿಸಾಬರು ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟು ಕೂತಿದ್ದರು. ಅವನನ್ನು ಕಂಡು ಎದ್ದು ನಿಂತರು. ತುಕಾರಾಮ ತಾಟನ್ನು ಅವರ ಕೈಗೆ ಕೊಟ್ಟ.